ಇನ್ನೂರ ಹನ್ನೆರಡು ಮುಚ್ಚಳಗಳು

ಮುಚ್ಚಳದಮ್ಮನ ಚಪ್ಪಲಿ ಸದ್ದು ಕೇಳಿದರೆ ಸಾಕು, ಆಸ್ಪತ್ರೆಯ ಲ್ಯಾಬಿನಲ್ಲಿ ಹರಟೆ ನಿಂತು ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಮೂವತ್ತನಾಲ್ಕು ವರ್ಷದಿಂದ ಕಿಟಕಿ ಪಕ್ಕದ ಅದೇ ಸ್ಟೂಲಿನ ಮೇಲೆ ಕೂತು, ಜನರ ಗಂಟಲಲ್ಲಿ, ಗಾಯದಲ್ಲಿ, ಮೂತ್ರದಲ್ಲಿ ಏನೇನು ಬೆಳೆಯುತ್ತದೆ ಎಂದು ನೋಡುತ್ತ ಬಂದ ಹೆಂಗಸು. ಕಿರಿಯ ಟೆಕ್ನಿಷಿಯನ್ನರಿಗೆ ಆಕೆ ಕಲಿಸಿದ್ದು ನೂರೆಂಟು. ಅವರ ನೆನಪಿನಲ್ಲಿ ಉಳಿದದ್ದು ಒಂದೇ: ಪ್ಲೇಟಿನ ನಂಬರನ್ನು ಮುಚ್ಚಳದ ಮೇಲೆ ಬರೆಯಬಾರದು, ತಳದ ಮೇಲೆ ಬರೆಯಬೇಕು. ಹೆಸರು ಬಂದದ್ದೇ ಅಲ್ಲಿಂದ.

ವಿಷಯ ಇಷ್ಟೇ. ಅಂಗೈಯಗಲದ ಗಾಜಿನ ಪ್ಲೇಟು, ಅದರೊಳಗೆ ಕುರಿಯ ರಕ್ತ ಬೆರೆಸಿ ಹೆಪ್ಪುಗಟ್ಟಿಸಿದ ಕೆಂಪು ಪದರ. ಹತ್ತಿ ಸುತ್ತಿದ ಕಡ್ಡಿಯಿಂದ ಗಂಟಲೊರೆಸಿ ಅದರ ಮೇಲೆ ಗೀರಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟರೆ, ಗಂಟಲಲ್ಲಿದ್ದ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ಕಾಣಿಸಿಕೊಳ್ಳುತ್ತದೆ. ಬೆಳೆಯುವುದು ತಳದಲ್ಲಿ. ಮುಚ್ಚಳ ಬರೀ ಮುಚ್ಚಳ. ಇದರದ್ದು ಅದಕ್ಕೂ ಕೂರುತ್ತದೆ, ಅದರದ್ದು ಇದಕ್ಕೂ ಕೂರುತ್ತದೆ. "ಮುಚ್ಚಳ ಯಾರ ಜೊತೆ ಬೇಕಾದ್ರೂ ಹೋಗತ್ತೆ ಕಣಯ್ಯಾ, ಅದನ್ನ ನಂಬ್ಕೊಂಡು ರಿಪೋರ್ಟ್ ಬರೀತೀಯಾ?" ಎಂದು ಆಕೆ ಒಮ್ಮೆ ಗ್ರಹಚಾರ ಬಿಡಿಸಿದ ಮೇಲೆ ಆ ತಪ್ಪನ್ನು ಮತ್ತೆ ಮಾಡಿದವರಿಲ್ಲ. ಒಬ್ಬ ಮಾಡಿದ್ದ. ಅವನು ಈಗ ಎಕ್ಸ್-ರೇ ವಿಭಾಗದಲ್ಲಿದ್ದಾನೆ.

ಆ ವರ್ಷ ಹೊಸದಾಗಿ ಬಂದಿದ್ದ ಡಾಕ್ಟರಮ್ಮನಿಗೆ ಒಂದು ಎಣಿಕೆ ಬೇಕಾಗಿತ್ತು. ಗಂಟಲು ನೋವು ತರುವ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಇದೆಯಲ್ಲ, ಅದು ಏನೂ ಕಾಯಿಲೆಯಿಲ್ಲದ ಮಕ್ಕಳ ಗಂಟಲಲ್ಲೂ ಸುಮ್ಮನೆ ಬಿಡಾರ ಹೂಡಿರುತ್ತದೆ. ಜ್ವರವಿಲ್ಲ, ನೋವಿಲ್ಲ, ಮಗು ಉಂಡು ಕುಣಿದುಕೊಂಡಿರುತ್ತದೆ. ಅಂಥ ಮಕ್ಕಳು ನೂರಕ್ಕೆ ಎಷ್ಟು ಎಂದು ಗೊತ್ತಿದ್ದರೆ, ನಾಳೆ ನಿಜವಾಗಿ ಗಂಟಲು ನೋವೆಂದು ಬಂದ ಮಗುವಿನ ರಿಪೋರ್ಟನ್ನು ಎಷ್ಟು ನಂಬಬೇಕು ಎಂದು ತಿಳಿಯುತ್ತದೆ. "ಹೆಸರು ನಂಗೆ ಬೇಡಮ್ಮ. ಎಷ್ಟು ಜನ ಅನ್ನೋದಷ್ಟೇ ಸಾಕು. ಈ ಮಕ್ಕಳಿಗೆ ಔಷಧಿನೂ ಬೇಡ, ಪಥ್ಯನೂ ಬೇಡ" ಎಂದಳು ಡಾಕ್ಟರಮ್ಮ. ಆದರೂ ನಂಬರಿನ ಪಕ್ಕದಲ್ಲಿ ಹೆಸರು ಬರೆದಿಟ್ಟುಕೊಂಡದ್ದು ಮುಚ್ಚಳದಮ್ಮನೇ. ಹೆಸರಿಲ್ಲದ ಗಂಟಲನ್ನು ಆಕೆ ಜನ್ಮದಲ್ಲಿ ಕಂಡಿರಲಿಲ್ಲ.

ಆಸ್ಪತ್ರೆಯಿಂದ ಎರಡು ಬೀದಿ ದಾಟಿದರೆ ಶಾಲೆ. ಮುಚ್ಚಳದಮ್ಮನ ಮೊಮ್ಮಗಳು ಗುಬ್ಬಿ ಓದುತ್ತಿದ್ದದ್ದೂ ಅಲ್ಲೇ, ನಾಲ್ಕನೇ ಕ್ಲಾಸು. ಡ್ರಾಯಿಂಗ್ ಕೋಣೆಯಲ್ಲಿ ಒಂದು ಮೇಜು, ಒಂದು ಟಾರ್ಚು, ಕಡ್ಡಿಗಳ ಡಬ್ಬಿ ಇಟ್ಟುಕೊಂಡು ಮುಚ್ಚಳದಮ್ಮ ನಾಲ್ಕು ದಿನ ಕೂತಳು. ಇನ್ನೂರ ಹನ್ನೆರಡು ಮಕ್ಕಳು. ಕೆಲವರು ಕಡ್ಡಿ ನೋಡಿದ್ದೇ ಓಕರಿಸಿದರು. ಒಬ್ಬಳು ಕಡ್ಡಿಯನ್ನು ಕಚ್ಚಿ ಎರಡು ತುಂಡು ಮಾಡಿ, ಒಂದು ತುಂಡನ್ನು ವಾಪಸ್ ಕೊಡಲಿಲ್ಲ. ಮುಚ್ಚಳದಮ್ಮ ಯಾರನ್ನೂ ಗದರಲಿಲ್ಲ, "ಆ ಅನ್ನು. ಇನ್ನೂ ದೊಡ್ಡದು. ಹಾಂ, ಮುಗೀತು, ಹೋಗು" ಎಂದು ಇನ್ನೂರ ಹನ್ನೆರಡು ಸಲ ಹೇಳಿದಳು.

ಮೂರನೆಯ ದಿನ ಗುಬ್ಬಿಯ ಸರದಿ ಬಂತು. ಅವಳ ಹಿಂದೆಯೇ ಅವಳ ಜೀವದ ಗೆಳತಿ ಜಡೆ. ಸೊಂಟ ದಾಟುವ ಕೂದಲಿದ್ದುದರಿಂದ ಇಡೀ ಶಾಲೆ ಆ ಹುಡುಗಿಯನ್ನು ಜಡೆ ಎಂದೇ ಕರೆಯುತ್ತಿತ್ತು. ಶಾಲೆಯ ಅಡುಗೆಮನೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವಾಕೆಯ ಮಗಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುವುದು, ನಕ್ಕು ಬಾಯಿ ಮುಚ್ಚುವುದು, ಮುಚ್ಚಿದ್ದಕ್ಕೆ ಮತ್ತೆ ನಗುವುದು. "ಲೇ, ಬಾಯಿ ತೆಗೀರೇ, ಅಜ್ಜಿ ಮಾನ ಕಳೀಬೇಡ್ರೇ" ಎನ್ನುತ್ತಲೇ ಮುಚ್ಚಳದಮ್ಮ ಹೇಗೋ ಎರಡೂ ಗಂಟಲು ಒರೆಸಿದಳು. ಪ್ಲೇಟುಗಳು ಆಗಷ್ಟೇ ಐಸ್ ಪೆಟ್ಟಿಗೆಯಿಂದ ಹೊರಬಂದು ಬೆವತಿದ್ದವು. ತಳದ ಮೇಲೆ ಪೆನ್ನು ಹಿಡಿಯಲಿಲ್ಲ. ಒರೆಸೋಣವೆಂದರೆ ಬಟ್ಟೆ ಕೈಗೆಟುಕಲಿಲ್ಲ, ಇತ್ತ ಜಡೆ ಕೆಮ್ಮಿ ಕೆಮ್ಮಿ ನಗುತ್ತಿದ್ದಾಳೆ. ನೂರ ಹದಿನೇಳು, ನೂರ ಹದಿನೆಂಟು. ಎರಡನ್ನೂ ಮುಚ್ಚಳದ ಮೇಲೆ ಬರೆದಳು. ಲ್ಯಾಬಿಗೆ ಹೋಗಿ ತಳಕ್ಕೆ ಬರೆದರಾಯಿತು ಎಂದುಕೊಂಡಳು. ಲ್ಯಾಬಿಗೆ ಹೋಗಿ ಮರೆತಳು.

ಮಾರನೆಯ ದಿನ ಪ್ಲೇಟು ಓದುವಾಗ ಎಡಗೈಯಲ್ಲೊಂದು ಬಲಗೈಯಲ್ಲೊಂದು ತಳ ಎತ್ತಿ ದೀಪಕ್ಕೆ ಹಿಡಿದಳು. ಒಂದರಲ್ಲಿ ಕೆಂಪಿನ ನಡುವೆ ಚುಕ್ಕಿಚುಕ್ಕಿಯಾಗಿ ರಕ್ತ ಕರಗಿ ಬೆಳಕು ಹಾಯುತ್ತಿತ್ತು. ಸ್ಟ್ರೆಪ್ಟೋಕಾಕಸ್‌ನ ಗುರುತೇ ಅದು. ಇನ್ನೊಂದರಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಯಾರೋ ಕರೆದರು. ಎರಡನ್ನೂ ಕೆಳಗಿಟ್ಟು, ಹೋಗಿ ಬಂದು, ಮುಚ್ಚಳ ನೋಡಿ ಬರೆದುಕೊಂಡಳು: ನೂರ ಹದಿನೇಳು ಇಲ್ಲ, ನೂರ ಹದಿನೆಂಟು ಇದೆ. ಗುಬ್ಬಿಯದು 'ಇಲ್ಲ' ಎಂದು ಬಂದದ್ದಕ್ಕೆ ಒಳಗೊಳಗೇ ಖುಷಿಯಾಯಿತು. ಖುಷಿಯಾದಾಗ ಯಾರು ತಾನೇ ತಿರುಗಿ ನೋಡುತ್ತಾರೆ?

ಒಟ್ಟು ಇಪ್ಪತ್ಮೂರು ಮಕ್ಕಳಲ್ಲಿ ಇತ್ತು. ಡಾಕ್ಟರಮ್ಮ ಎಣಿಕೆ ಬರೆದುಕೊಂಡು ಒಂದು ವಾರ ರಜೆ ಹೋದಳು. ಆ ವಾರದಲ್ಲೇ ಹೆಡ್‌ಮಾಸ್ಟರಿಂದ ಕಾಗದ ಬಂತು: ಪೋಷಕರು ಕೇಳುತ್ತಿದ್ದಾರೆ, ವಿವರವಾದ ಪಟ್ಟಿ ಕಳಿಸುವುದು. ಕೆಳಗೆ ದುಂಡಗಿನ ಸೀಲು. ಸೀಲು ಹಾಕಿದ ಕಾಗದ ಬಂದರೆ ಸೀಲು ಹಾಕಿದ ಕಾಗದ ಹೋಗಬೇಕು ಎಂಬುದು ಮುಚ್ಚಳದಮ್ಮನ ಮೂವತ್ತನಾಲ್ಕು ವರ್ಷದ ರೂಢಿ. ಇಪ್ಪತ್ಮೂರು ಹೆಸರು ಬರೆದು, "ಇವರು ಆರೋಗ್ಯವಾಗಿದ್ದಾರೆ, ಯಾವ ಕ್ರಮವೂ ಬೇಡ" ಎಂದು ಕೊನೆಗೊಂದು ಸಾಲು ಸೇರಿಸಿ ಕಳಿಸಿದಳು.

ಹೆಡ್‌ಮಾಸ್ಟರು ಕೆಟ್ಟ ಮನುಷ್ಯರೇನಲ್ಲ. ಪೋಷಕರೆಂದರೆ ಅವರಿಗೆ ಭಯ, ಅಷ್ಟೇ. ಪಟ್ಟಿಯನ್ನು ಓದಿದರು, ಕೊನೆಯ ಸಾಲನ್ನು ಬಿಟ್ಟರು. ಮರುದಿನವೇ ಇಪ್ಪತ್ಮೂರು ಮಕ್ಕಳಿಗೂ ಅವರವರ ಕ್ಲಾಸಿನ ಹಿಂದಿನ ಬೆಂಚು, ಕಿಟಕಿ ಪಕ್ಕ. ಬೇರೆ ಲೋಟ. ಅವರ ನೋಟ್‌ಬುಕ್ಕುಗಳನ್ನು ಮುಟ್ಟುವುದು ಬೇಡ ಎಂದು ಟೀಚರುಗಳಿಗೆ ಸೂಚನೆ. ನೋಟ್‌ಬುಕ್ ಮುಟ್ಟದಿದ್ದ ಮೇಲೆ ಹೋಮ್‌ವರ್ಕ್ ನೋಡುವವರಾರು? ಮೂರನೆಯ ದಿನಕ್ಕೆ ಹದಿನೊಂದು ಮಕ್ಕಳು ಎಲ್ಲರಿಗೂ ಕೇಳುವಂತೆ ಕೆಮ್ಮುತ್ತ ಹಿಂದಿನ ಬೆಂಚಿಗೆ ಅರ್ಜಿ ಹಾಕಿದರು.

ಅಷ್ಟಕ್ಕೇ ನಿಂತಿದ್ದರೆ ನಕ್ಕು ಬಿಡಬಹುದಿತ್ತು. ಹೆಡ್‌ಮಾಸ್ಟರು ಅಡುಗೆಯಾಕೆಯನ್ನೂ ಕರೆಸಿ, ಮಗಳ ಗಂಟಲು ಸರಿಹೋಗುವವರೆಗೆ ಪಾತ್ರೆ ಮುಟ್ಟಬೇಡ, ಮನೆಯಲ್ಲಿರು ಎಂದರು.

ಗುಬ್ಬಿ ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಮುಚ್ಚಳದಮ್ಮನಿಗೆ ಉರಿದುಹೋಯಿತು. "ಏನೂ ಮಾಡ್ಬೇಡಿ ಅಂತ ಬರೆದಿದ್ನಲ್ಲೇ! ಕನ್ನಡಕ ಹಾಕ್ಕೊಂಡು ಓದಿದ್ನಾ ಆ ಮನುಷ್ಯ?"

"ಜಡೆ ನನ್ನ ಜೊತೆ ಮಾತಾಡಲ್ಲ ಅಜ್ಜಿ. ದೂರ ಹೋಗು, ನಿಂಗೂ ಅಂಟತ್ತೆ ಅಂತಾಳೆ."

"ಅಂಟ್ಲಿ ಬಿಡು ಅನ್ನು."

"ಅಂದೆ. ಅತ್ಲು."

ಬುಧವಾರ ಅಡುಗೆಯಾಕೆ ಮಗಳ ಕೈ ಹಿಡಿದು ಲ್ಯಾಬಿನ ಬಾಗಿಲಿಗೆ ಬಂದು ನಿಂತಳು. ಒಳಗೆ ಬನ್ನಿ ಎಂದರೂ ಬರಲಿಲ್ಲ. ತಾನು ಬಂದರೆ ಇಲ್ಲೂ ಏನಾದರೂ ಕೆಟ್ಟೀತು ಎಂಬ ಹಾಗೆ ಹೊಸ್ತಿಲಾಚೆಯೇ ನಿಂತಳು.

"ಅಮ್ಮಾ, ಇವಳ ಗಂಟಲು ಇನ್ನೊಂದ್ಸಲ ನೋಡ್ತೀರಾ? ಸೋಮವಾರ ಹೊಸಬಳು ಬರ್ತಾಳಂತೆ ಅಡುಗೆಗೆ. ಅಷ್ಟರೊಳಗೆ ಏನಾದ್ರೂ ಆದ್ರೆ ಆಯ್ತು. ಇಲ್ದಿದ್ರೆ ಇಲ್ಲ."

"ಇದಕ್ಕೆಲ್ಲ ಕೆಲಸದಿಂದ ತೆಗೀತಾರೇನಮ್ಮಾ?"

"ಹದಿನಾಲ್ಕು ವರ್ಷ ಅದೇ ಒಲೆ ಮುಂದೆ ನಿಂತಿದೀನಿ. ಒಂದು ಮಗು ಹೊಟ್ಟೆನೋವು ಅಂದಿದ್ದಿಲ್ಲ. ಈಗ ನಾನು ಗೇಟಿಗೆ ಹೋದ್ರೆ ವಾಚ್‌ಮನ್ ಎರಡು ಹೆಜ್ಜೆ ಹಿಂದೆ ಸರೀತಾನೆ. ನನ್ನ ಕೈಯಿಂದ ಊಟ ಹಾಕಿಸ್ಕೊಳ್ತಿದ್ದೋನು!"

ಜಡೆ ಈ ಸಲ ನಗಲಿಲ್ಲ. ಹೇಳುವ ಮೊದಲೇ ಬಾಯಿ ಅಗಲಿಸಿ ಕೂತಳು. ಮುಚ್ಚಳದಮ್ಮ ಗಂಟಲೊರೆಸಿ ಕಳಿಸಿದಳು.

ಗುರುವಾರ ಪ್ಲೇಟು ತೆಗೆದರೆ ಒಂದು ಚುಕ್ಕಿಯೂ ಇಲ್ಲ. ಹತ್ತು ದಿನದ ಹಿಂದೆ ಪ್ಲೇಟು ತುಂಬ ಇದ್ದದ್ದು ಎಲ್ಲಿ ಹೋಯಿತು? ತಾನಾಗಿ ಹೋಗುವುದೂ ಉಂಟು. ಆದರೂ ಮುಚ್ಚಳದಮ್ಮ ಎದ್ದು, ಫ್ರಿಜ್ಜಿನಲ್ಲಿಟ್ಟಿದ್ದ ಸಮೀಕ್ಷೆಯ ಹಳೆಯ ಪ್ಲೇಟುಗಳಲ್ಲಿ ನೂರ ಹದಿನೆಂಟನ್ನು ಹುಡುಕಿ ತಲೆಕೆಳಗು ಮಾಡಿದಳು. ತಳ ಖಾಲಿ. ನೂರ ಹದಿನೇಳನ್ನು ತಿರುಗಿಸಿದಳು. ಅದರ ತಳವೂ ಖಾಲಿ. ಉಳಿದ ಇನ್ನೂರ ಹತ್ತರ ತಳದಲ್ಲೂ ದುಂಡಗಿನ ಅಕ್ಷರದ ನಂಬರು. ಹಿಂದೆ ಯಾರೋ ನೋಡುತ್ತಿದ್ದಾರೆ ಎನಿಸಿ ತಿರುಗಿದಳು. ಯಾರೂ ಇರಲಿಲ್ಲ. ಇದ್ದಿದ್ದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಮುಚ್ಚಳದಮ್ಮ ಮುಚ್ಚಳದ ಮೇಲೆ ಬರೆಯುತ್ತಾಳೆಂದರೆ ಯಾರು ನಂಬುತ್ತಾರೆ?

ಸದ್ಯಕ್ಕೆ 'ಇಲ್ಲ' ಎಂಬ ಹೊಸ ರಿಪೋರ್ಟನ್ನು ಅಡುಗೆಯಾಕೆಯ ಕೈಯಲ್ಲಿ ಕೊಟ್ಟು ಕಳಿಸಿದಳು. ಅದು ಹೋದಷ್ಟೇ ವೇಗದಲ್ಲಿ ಹಿಂತಿರುಗಿತು. ಹಿಂಬದಿಯಲ್ಲಿ ಹೆಡ್‌ಮಾಸ್ಟರು ಬರೆದಿದ್ದರು: "ಆ ಕಾಗದದಲ್ಲಿ ಇದೆ ಎಂದಿದೆ, ಈ ಕಾಗದದಲ್ಲಿ ಇಲ್ಲ ಎಂದಿದೆ. ಎರಡಕ್ಕೂ ತಮ್ಮದೇ ಸಹಿ. ಯಾವುದನ್ನು ನಂಬಬೇಕೆಂದು ಲಿಖಿತವಾಗಿ ತಿಳಿಸುವುದು."

ಶುಕ್ರವಾರ ಬೆಳಗ್ಗೆ ಗುಬ್ಬಿ ಶಾಲೆಗೆ ಹೊರಟು ನಿಂತಿದ್ದಾಗ ಅಜ್ಜಿ ಕಡ್ಡಿ ಹಿಡಿದುಕೊಂಡು ಎದುರು ಬಂದಳು. "ಮತ್ತೆ ಯಾಕೆ?" ಎಂದಳು ಗುಬ್ಬಿ. "ಸುಮ್ನೆ. ಆ ಅನ್ನು." ಶನಿವಾರ ಲ್ಯಾಬಿಗೆ ಎಲ್ಲರಿಗಿಂತ ಮೊದಲು ಹೋಗಿ, ಪೆಟ್ಟಿಗೆ ತೆಗೆದು, ಪ್ಲೇಟನ್ನು ದೀಪಕ್ಕೆ ಹಿಡಿದಳು. ಚುಕ್ಕಿಚುಕ್ಕಿಯಾಗಿ ಬೆಳಕು ಹಾಯುತ್ತಿತ್ತು.

ಸ್ಟೂಲಿನ ಮೇಲೆ ಕೂತಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬಾಯಿ ಬಿಟ್ಟರೆ ಮೂವತ್ತನಾಲ್ಕು ವರ್ಷ ಬೈಸಿಕೊಂಡವರೆಲ್ಲ ಒಟ್ಟಿಗೆ ನಗುತ್ತಾರೆ, ಗುಬ್ಬಿ ಹಿಂದಿನ ಬೆಂಚಿಗೆ ಹೋಗುತ್ತಾಳೆ. ಮುಚ್ಚಿಕೊಂಡರೆ ಸೋಮವಾರ ಇನ್ನೊಬ್ಬಳು ಬಂದು ಆ ಒಲೆ ಹಚ್ಚುತ್ತಾಳೆ. ಎದ್ದು, ಆ ಎರಡು ನಂಬರು ಅದಲು ಬದಲಾಗಿವೆ ಎಂದು ಒಂದು ಕಾಗದ ಬರೆದು ಸಹಿ ಹಾಕಿ, ಸೀಲನ್ನು ಚೀಲಕ್ಕೆ ಹಾಕಿಕೊಂಡು, ಶಾಲೆಗೆ ನಡೆದಳು.

ಹೆಡ್‌ಮಾಸ್ಟರು ಕಾಗದವನ್ನು ಎರಡು ಸಲ ಓದಿದರು. ಮುಖ ಅರಳಿತು.

"ಗುಬ್ಬೀನಾ? ನಿಮ್ಮ ಮೊಮ್ಮಗಳು? ಅಯ್ಯೋ, ಇದಕ್ಕೆ ನೀವೇ ಬರ್ಬೇಕಿತ್ತಾ? ಏನೂ ಆಗಲ್ಲ ಬಿಡಿ."

"ಏನು ಆಗಲ್ಲ?"

"ಅಂದ್ರೆ, ನೀವು ಆಸ್ಪತ್ರೆಯೋರು. ಮನೇಲಿ ಶುಚಿಯಾಗಿರ್ತೀರ. ಅವಳು ಎಲ್ಲಿದಾಳೋ ಅಲ್ಲೇ ಕೂತಿರ್ಲಿ."

"ಅದೇ ಬ್ಯಾಕ್ಟೀರಿಯಾ ಸಾರ್. ಜಡೆ ಗಂಟಲಲ್ಲಿದೆ ಅಂತ ನೀವು ಅಂದ್ಕೊಂಡಿದ್ರಲ್ಲ, ಅದೇ."

"ಇರಬಹುದು. ಆದ್ರೂ ಮನೆಯಿಂದ ಮನೆಗೆ ವ್ಯತ್ಯಾಸ ಇರತ್ತಲ್ವಾ?"

ಮುಚ್ಚಳದಮ್ಮನಿಗೆ ಕಿವಿಯವರೆಗೂ ಬಿಸಿಯೇರಿತು. ಆದರೆ ದನಿಯನ್ನು ಏರಿಸಲಿಲ್ಲ. "ಸರಿ. ಹಾಗಾದ್ರೆ ಅಡುಗೆಯವಳು ಸೋಮವಾರದಿಂದ ಬರ್ಲಿ. ಅವಳ ಮಗಳಲ್ಲಿ ಇರ್ಲೇ ಇಲ್ಲ."

ಹೆಡ್‌ಮಾಸ್ಟರು ಪೇಪರ್‌ವೇಟನ್ನು ಅತ್ತಿಂದಿತ್ತ ತಿರುಗಿಸಿದರು. "ಅದು ಬೇರೆ ವಿಷಯ. ಪಟ್ಟಿ ಅಂದ್ಮೇಲೆ ಹೆಸರು ಒಂದ್ಸಲ ಬಂದುಬಿಡ್ತು. ಪೋಷಕರ ಬಾಯಿ ಮುಚ್ಚಿಸೋಕೆ ನನ್ನ ಕೈಲಿ ಆಗತ್ತಾ? ಹೊಸಬಳಿಗೆ ಹೇಳಾಗಿದೆ. ಇವಳನ್ನ ಮುಂದೆ ಎಲ್ಲಾದ್ರೂ ನೋಡೋಣ. ಉಳಿದ ಪಟ್ಟಿಯೇನೋ ಸರಿಯಾಗಿದೆಯಲ್ಲ?"

ಉಳಿದ ಪಟ್ಟಿ ಸರಿಯಾಗಿತ್ತು. ಇಪ್ಪತ್ತೆರಡು ಹೆಸರು, ಇಪ್ಪತ್ತೆರಡು ತಳ, ಇಪ್ಪತ್ತೆರಡು ನಂಬರು, ಯಾವ ದೇಶದ ಯಾವ ಲ್ಯಾಬಿನವರು ಬಂದು ನೋಡಿದರೂ ತಲೆಯಾಡಿಸುವಷ್ಟು ಸರಿಯಾಗಿತ್ತು.

"ಇಲ್ಲ ಸಾರ್" ಎಂದಳು ಮುಚ್ಚಳದಮ್ಮ.

"ಏನಿಲ್ಲ?"

"ಸರಿಯಾಗಿಲ್ಲ. ನಾನು ಎಲ್ಲದಕ್ಕೂ ಮುಚ್ಚಳದ ಮೇಲೇ ನಂಬರ್ ಬರೆದಿದ್ದೆ. ಇನ್ನೂರ ಹನ್ನೆರಡಕ್ಕೂ. ಓದೋವಾಗ ಎಲ್ಲ ಮುಚ್ಚಳ ತೆಗೆದು ಒಂದು ಕಡೆ ರಾಶಿ ಹಾಕಿದೆ. ಆಮೇಲೆ ಕೈಗೆ ಸಿಕ್ಕಿದ್ದನ್ನ ಸಿಕ್ಕಿದ್ದಕ್ಕೆ ಮುಚ್ಚಿದೆ."

ಹೆಡ್‌ಮಾಸ್ಟರ ಕೈಯಲ್ಲಿದ್ದ ಪೇಪರ್‌ವೇಟು ನಿಂತಿತು. "ಅಂದ್ರೆ?"

"ಅಂದ್ರೆ ಇಪ್ಪತ್ಮೂರು ಮಕ್ಕಳಲ್ಲಿ ಇದೆ, ಅದು ಖಂಡಿತ. ಯಾವ ಇಪ್ಪತ್ಮೂರು ಅಂತ ದೇವರಿಗೇ ಗೊತ್ತು. ನಿಮ್ಮ ಮಗಳೂ ಐದನೇ ಕ್ಲಾಸಲ್ವಾ ಸಾರ್? ಅವಳ ಗಂಟಲೂ ನಾನೇ ನೋಡಿದ್ದು. ಒಳ್ಳೆ ಹುಡುಗಿ, ಚೆನ್ನಾಗಿ ಬಾಯಿ ತೆಗೆದ್ಲು."

ಇನ್ನೂರ ಹನ್ನೆರಡು ಮಕ್ಕಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸುವುದು ಹೇಗೆಂದು ಹೆಡ್‌ಮಾಸ್ಟರು ನಿಜಕ್ಕೂ ಯೋಚಿಸಿದರು. ಅವರ ಕಣ್ಣು ಗೋಡೆಯ ಮೇಲಿದ್ದ ಕ್ಲಾಸುಗಳ ವೇಳಾಪಟ್ಟಿಯ ಕಡೆ ಹೋಗಿ ಬಂತು. ಕೊನೆಗೆ, "ಇದನ್ನ ಬರವಣಿಗೆಯಲ್ಲಿ ಕೊಡ್ತೀರಾ?" ಎಂದರು.

"ಬಿಳಿ ಹಾಳೆ ಕೊಡಿ."

ಬರೆದಳು. ನನ್ನ ಅಜಾಗರೂಕತೆಯಿಂದ ಪಟ್ಟಿಯ ಯಾವ ಹೆಸರೂ ನಂಬಲರ್ಹವಲ್ಲ, ಪಟ್ಟಿಯನ್ನು ಹಿಂಪಡೆದಿದ್ದೇನೆ. ಸಹಿ ಹಾಕುವಾಗ ಕೈ ಸ್ವಲ್ಪ ತಡೆಯಿತು. ಸೀಲು ಒತ್ತುವಾಗ ತಡೆಯಲಿಲ್ಲ.

"ಈಗ ಅಡುಗೆಯವಳ ಮಗಳ ಹೆಸರು ಯಾವ ಕಾಗದದಲ್ಲಿದೆ ಸಾರ್?"

"ಯಾವುದರಲ್ಲೂ ಇಲ್ಲ" ಎಂದರು ಹೆಡ್‌ಮಾಸ್ಟರು ಸಣ್ಣಗೆ. ಹೊಸಬಳಿಗೆ ಬೇಡವೆಂದು ಮುಚ್ಚಳದಮ್ಮನ ಎದುರೇ ಫೋನು ಮಾಡಿದರು. ಬಾಗಿಲವರೆಗೆ ಬಿಡಲು ಬಂದವರು, "ಇಷ್ಟು ವರ್ಷ ಸರ್ವಿಸ್ ಆದೋರು ನೀವು, ಸ್ವಲ್ಪ ನೋಡಿ ಮಾಡ್ಬಾರ್ದಾ?" ಎಂದರು.

ಆಸ್ಪತ್ರೆಗೆ ಮರಳಿದ ಮುಚ್ಚಳದಮ್ಮ ಮೊದಲು ಮಾಡಿದ ಕೆಲಸವೆಂದರೆ, ಇನ್ನೂರ ಹನ್ನೆರಡು ಪ್ಲೇಟುಗಳನ್ನೂ ಆಟೋಕ್ಲೇವಿನ ಹಂಡೆಗೆ ತುಂಬಿ ಹಬೆಯಲ್ಲಿ ಬೇಯಿಸಿ, ತೊಳೆಯಲು ಕೊಟ್ಟದ್ದು. ಆಮೇಲೆ ರಜೆ ಮುಗಿಸಿ ಬಂದಿದ್ದ ಡಾಕ್ಟರಮ್ಮನ ಕೋಣೆಗೆ ಹೋಗಿ ಹೆಡ್‌ಮಾಸ್ಟರಿಗೆ ಹೇಳಿದ್ದನ್ನೇ ಹೇಳಿದಳು.

"ಎಲ್ಲಾನೂ ಮುಚ್ಚಳದ ಮೇಲಾ? ನೀವಾ?"

"ವಯಸ್ಸಾಯ್ತಲ್ಲ ಡಾಕ್ಟ್ರೇ."

"ಹಾಗಾದ್ರೆ ನನ್ನ ಎಣಿಕೆ?"

"ಎಣಿಕೆಗೆ ಏನಾಗತ್ತೆ? ಮುಚ್ಚಳ ಅದಲು ಬದಲಾದ್ರೆ ಹೆಸರು ಹೋಗತ್ತೆ. ತಳ ಇಪ್ಪತ್ಮೂರೇ. ನಿಮಗೆ ಬೇಕಿದ್ದದ್ದು ಅದೊಂದೇ ತಾನೇ?"

ಡಾಕ್ಟರಮ್ಮ ಅವಳನ್ನು ದಿಟ್ಟಿಸಿ ನೋಡಿದಳು. "ಹೌದು, ಅದೊಂದೇ" ಎಂದು ತನ್ನ ಕಾಗದಗಳ ಕಡೆ ತಿರುಗಿದಳು.

ಸುದ್ದಿ ಸಂಜೆಯೊಳಗೆ ಎಕ್ಸ್-ರೇ ವಿಭಾಗದವರೆಗೂ ಹೋಯಿತು. ಅಲ್ಲಿದ್ದವನು ಕೆಲಸ ಬಿಟ್ಟು ಬಂದು, ಲ್ಯಾಬಿನ ಬಾಗಿಲಲ್ಲಿ ನಿಂತು, ಮುಚ್ಚಳದಮ್ಮನನ್ನು ಒಂದು ಸಲ ಕಣ್ತುಂಬ ನೋಡಿ ಹೋದ. ಕಿರಿಯವಳೊಬ್ಬಳು ಆಕೆಯ ಕಣ್ಣೆದುರೇ ಪ್ಲೇಟಿನ ಮುಚ್ಚಳದ ಮೇಲೆ ನಂಬರು ಬರೆದಳು. ಮುಚ್ಚಳದಮ್ಮನ ಬಾಯಿ ತೆರೆಯಿತು. ಮತ್ತೆ ಮುಚ್ಚಿತು. ಹೇಳುವ ಹಕ್ಕನ್ನು ಸಹಿ ಹಾಕಿ ಸೀಲೊತ್ತಿ ಕೊಟ್ಟುಬಂದಾಗಿತ್ತು. ಅದಕ್ಕೆ ಆಕೆಗೆ ಅಳು ಬರುವಷ್ಟು ಸಂಕಟವಾಯಿತು.

ಸೋಮವಾರ ಗುಬ್ಬಿಯನ್ನು ಬಿಡಲು ಮುಚ್ಚಳದಮ್ಮನೇ ಶಾಲೆಗೆ ಹೋದಳು. ಗುಬ್ಬಿಯೂ ಜಡೆಯೂ ಗೇಟಿನಲ್ಲೇ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಅಡುಗೆಮನೆಯ ಚಿಮಣಿಯಲ್ಲಿ ಹೊಗೆಯಿತ್ತು. ಒಲೆ ಹೊತ್ತಿದ್ದನ್ನು ಕಣ್ಣಾರೆ ನೋಡಿ ಹೋಗೋಣವೆಂದು ಹಿತ್ತಲ ಕಡೆ ಹೋದಳು. ಅಡುಗೆಯಾಕೆ ಆಲೂಗಡ್ಡೆ ಸುಲಿಯುತ್ತ ಕೂತಿದ್ದಳು. ಮುಚ್ಚಳದಮ್ಮನನ್ನು ಕಂಡು ಎದ್ದಳು. ಚಾಕು ಕೈಯಲ್ಲೇ ಇತ್ತು.

"ಹೆಡ್‌ಮಾಸ್ಟ್ರು ಎಲ್ಲ ಹೇಳಿದ್ರು. ನಂಬರ್ ತಪ್ಪು ಬರೆದಿದ್ದು ನೀವಂತೆ."

"ಹೌದಮ್ಮ."

"ನಾನು ನಿಮ್ಮ ಬಾಗಿಲಿಗೆ ಬಂದು ಕೈಮುಗಿದು ನಿಂತೆ. ಅವತ್ತೂ ನಿಮಗೆ ಗೊತ್ತಿತ್ತಾ?"

"ಅವತ್ತು ಗೊತ್ತಿರ್ಲಿಲ್ಲ."

"ನನ್ನ ಕೆಲಸದ ಮಾತು ಬಿಡಿ. ಕೆಲಸ ಇಲ್ಲಲ್ಲದಿದ್ರೆ ಇನ್ನೊಂದು ಕಡೆ." ಅಡುಗೆಯಾಕೆ ಚಾಕು ಕೆಳಗಿಟ್ಟಳು. "ನನ್ನ ಮಗಳು ಇಷ್ಟೂ ದಿನ ಬಾಯಿಗೆ ಬಟ್ಟೆ ಕಟ್ಕೊಂಡು ಮಲಗ್ತಿದ್ಲು. ನನ್ನ ಕಡೆ ಬೆನ್ನು ಮಾಡಿ. ಯಾಕೇ ಅಂದ್ರೆ, ಅಮ್ಮಾ ನಿಂಗೆ ಅಂಟತ್ತೆ ಅಂತಾಳೆ. ಒಂಬತ್ತು ವರ್ಷದ ಮಗು! ಒಂದು ಮುಚ್ಚಳ ನೋಡಿ ಬರೆಯೋಕಾಗ್ಲಿಲ್ವಾ ನಿಮಗೆ?"

ಉಳಿದ ಇನ್ನೂರ ಹತ್ತರ ತಳದಲ್ಲಿ ನಂಬರಿದ್ದ ಕಥೆಯೆಲ್ಲ ಮುಚ್ಚಳದಮ್ಮನ ನಾಲಿಗೆ ತುದಿಗೆ ಬಂತು. ಅಡುಗೆಯಾಕೆ ಕೇಳಿದ್ದು ಒಂದೇ ಮುಚ್ಚಳದ ಮಾತು.

"ಆಗ್ಲಿಲ್ಲಮ್ಮ" ಎಂದಳು.